ಶನಿವಾರವಾಡೆಯ ದಾಯಾದಿಗಳು

ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎಂಬ ಗಾದೆ ನಮ್ಮ ಬಾಯಿಗೆ ಎಷ್ಟು ರೂಢಿಯಾಗಿದೆಯೆಂದರೆ, ಅದಕ್ಕೆ ಯಾರೂ ಪುರಾವೆ ಕೇಳುವುದಿಲ್ಲ. ಒಂದೇ ಅಂಗಳದಲ್ಲಿ ಆಡಿ ಬೆಳೆದ ದೊಡ್ಡಪ್ಪ, ಚಿಕ್ಕಪ್ಪನ ಮಕ್ಕಳು ಮೀಸೆ ಮೂಡಿದ ಮೇಲೆ ಬದುವಿನ ಮೇಲೆ ನಿಂತು ಕಿತ್ತಾಡಲೇಬೇಕು ಎಂಬಂತೆ ನಾವು ಮಾತಾಡುತ್ತೇವೆ. ಬೆನ್ನಿಗೆ ಕುರುಕ್ಷೇತ್ರವಂತೂ ಇದ್ದೇ ಇದೆ. ಪುಣೆಯ ಚರಿತ್ರೆಯನ್ನೂ ಬಹುಮಟ್ಟಿಗೆ ಹೀಗೆಯೇ ಓದಲಾಗಿದೆ. 1909ರಲ್ಲಿ ಕೃಷ್ಣಾಜಿ ಪ್ರಭಾಕರ ಖಾಡಿಲ್ಕರ್ ಅವರ ‘ಭಾವುಬಂದಕಿ’ ನಾಟಕ ರಂಗಕ್ಕೆ ಬಂದಾಗಿನಿಂದ, ಪೇಶ್ವೆಗಳ ಪತನವೆಂದರೆ ದಾಯಾದಿ ಮತ್ಸರದ ಕಥೆ ಎಂಬ ತೀರ್ಪು ಮರಾಠಿಗರ ಮನಸ್ಸಿನಲ್ಲಿ ಗಟ್ಟಿಯಾಯಿತು, ಗಡಿ ದಾಟಿ ನಮ್ಮ ಕಡೆಗೂ ಹರಿದುಬಂತು. ಆದರೆ ಆ ನಾಟಕದ ನಡುವಿನ ಕೊಲೆಯನ್ನು ಒಮ್ಮೆ ನೋಡಿ. 1773ರ ಆಗಸ್ಟ್ 30ರಂದು ಶನಿವಾರವಾಡೆಯಲ್ಲಿ ಸತ್ತವನು ಪೇಶ್ವೆ ನಾರಾಯಣರಾವ್. ಆ ಪಾತಕದ ಕಳಂಕ ಹೊತ್ತವನು ಅವನ ಸ್ವಂತ ಚಿಕ್ಕಪ್ಪ ರಘುನಾಥರಾವ್. ಇಲ್ಲಿ ಅಣ್ಣನ ಮಗ ಇದ್ದಾನೆ, ತಂದೆಯ ತಮ್ಮ ಇದ್ದಾನೆ. ಚಿಕ್ಕಪ್ಪ, ದೊಡ್ಡಪ್ಪನ ಮಕ್ಕಳು ಎದುರುಬದುರು ನಿಂತ ಪ್ರಸಂಗವೇ ಇದಲ್ಲ. ಅದೇ ವಾಡೆಯಲ್ಲಿ ಅಂಥ ಮಕ್ಕಳ ನಂಟನ್ನು ಹುಡುಕಿಕೊಂಡು ಹೋದರೆ ಗಾದೆಗೆ ಒಗ್ಗದ ಸಂಗತಿಗಳೇ ಹೆಚ್ಚು ಸಿಗುತ್ತವೆ. ಹದಿನೆಂಟನೆಯ ಶತಮಾನದ ನಡುವಿನ ಇಪ್ಪತ್ತು ವರ್ಷ ಪುಣೆ ಗಟ್ಟಿಯಾಗಿ ನಿಂತಿದ್ದು ಇಬ್ಬರು ದಾಯಾದಿಗಳ ಜೊತೆಗಾರಿಕೆಯ ಮೇಲೆ. ಆ ಜೊತೆಗಾರಿಕೆ ಉಳಿದದ್ದಕ್ಕೆ ಅವರ ಒಳ್ಳೆಯತನಕ್ಕಿಂತ ದೊಡ್ಡ ಕಾರಣ ಒಂದಿತ್ತು ಎಂಬುದು ನನ್ನ ವಾದ: ದಾಯಾದಿಯ ಪಾಲನ್ನು ಬಾಯಿಬಿಟ್ಟು ಮಾತಾಡಲೇಬೇಕಾಗಿತ್ತು, ಒಡಹುಟ್ಟಿದವನ ಪಾಲನ್ನು ಯಾರೂ ಮಾತಾಡಲಿಲ್ಲ.

ಪೇಶ್ವೆ ಮನೆತನದ ಮೂಲ ಕೊಂಕಣದ ಶ್ರೀವರ್ಧನ. 1713ರಲ್ಲಿ ಬಾಲಾಜಿ ವಿಶ್ವನಾಥನಿಗೆ ಛತ್ರಪತಿ ಶಾಹುವಿನಿಂದ ಪೇಶ್ವೆ ಪದವಿ ಸಿಕ್ಕಿತು. ಅವನ ಇಬ್ಬರು ಮಕ್ಕಳು ಬಾಜಿರಾವ್ ಮತ್ತು ಚಿಮಾಜಿ ಅಪ್ಪ. ಅಣ್ಣ ಉತ್ತರಕ್ಕೆ ಕುದುರೆ ಓಡಿಸಿದ, ತಮ್ಮ ಕೊಂಕಣವನ್ನೂ ಲೆಕ್ಕಪತ್ರಗಳನ್ನೂ ನೋಡಿಕೊಂಡ, 1739ರಲ್ಲಿ ಪೋರ್ಚುಗೀಸರಿಂದ ವಸಯಿ ಕೋಟೆ ಗೆದ್ದ. 1730ರ ಜನವರಿಯಲ್ಲಿ ಶನಿವಾರವಾಡೆಯ ಪಾಯ ಬಿತ್ತು, 1732ರಲ್ಲಿ ಗೃಹಪ್ರವೇಶವಾಯಿತು. ಮುಂದಿನ ಪೀಳಿಗೆಯ ಮಕ್ಕಳ ವಯಸ್ಸನ್ನು ಇಲ್ಲಿ ಗಮನಿಸಬೇಕು. ಬಾಜಿರಾಯನ ಹಿರಿಮಗ ನಾನಾಸಾಹೇಬ ಹುಟ್ಟಿದ್ದು 1720ರಲ್ಲಿ, ಚಿಮಾಜಿಯ ಮಗ ಸದಾಶಿವರಾವ್, ಅಂದರೆ ಮುಂದಿನ ಭಾವೂಸಾಹೇಬ, 1730ರಲ್ಲಿ. ಬಾಜಿರಾಯನ ಇನ್ನೊಬ್ಬ ಮಗ ರಘುನಾಥರಾವ್ 1734ರವನು, ಬಾಜಿರಾಯನಿಗೆ ಮಸ್ತಾನಿಯಲ್ಲಿ ಹುಟ್ಟಿದ ಶಂಶೇರ್ ಬಹಾದ್ದೂರ್ ಕೂಡ ಹೆಚ್ಚುಕಡಿಮೆ ಅದೇ ವಯಸ್ಸಿನವನು. 1740ರ ಏಪ್ರಿಲ್‌ನಲ್ಲಿ ನರ್ಮದೆಯ ದಡದ ರಾವೇರಖೇಡಿಯಲ್ಲಿ ಬಾಜಿರಾವ್ ತೀರಿಕೊಂಡ. ಆಗ ಚಿಮಾಜಿ ಬದುಕಿದ್ದ. ಪದವಿ ತನಗೆ ಬೇಕೆನ್ನುವಷ್ಟು ಅನುಭವ, ಹೆಸರು ಎರಡೂ ಅವನಿಗಿದ್ದವು. ಅವನು ಅಣ್ಣನ ಮಗನ ಪರ ನಿಂತ. ಎದುರಾಳಿ ಎದ್ದದ್ದು ಎಲ್ಲಿಂದ ಎನ್ನುವುದು ಕುತೂಹಲದ ವಿಷಯ: ಬಾಜಿರಾಯನ ತಂಗಿ ಭಿವೂಬಾಯಿಯನ್ನು ಕೊಟ್ಟ ಬಾರಾಮತಿಯ ಜೋಶಿ ಮನೆಯಿಂದ. ಬೀಗರ ಮನೆಯ ಬಾಬೂಜಿ ನಾಯಕ ಪೇಶ್ವೆ ಪದವಿಗೆ ರಘೂಜಿ ಭೋಸಲೆಯ ಬೆಂಬಲದೊಂದಿಗೆ ಕೈಚಾಚಿದ್ದ, ಅದು ಫಲಿಸಲಿಲ್ಲ. ಅದೇ ವರ್ಷದ ಕೊನೆಗೆ ಚಿಮಾಜಿಯೂ ಹೋದ. ತಾಯಿಯನ್ನು ಹಸುಗೂಸಿದ್ದಾಗಲೇ ಕಳೆದುಕೊಂಡಿದ್ದ ಹತ್ತು ವರ್ಷದ ಸದಾಶಿವನ ಹೊಣೆ ಅಜ್ಜಿ ರಾಧಾಬಾಯಿಯ ಮೇಲೆ, ಮನೆಯ ಯಜಮಾನನಾದ ಇಪ್ಪತ್ತು ವರ್ಷದ ದಾಯಾದಿ ಅಣ್ಣನ ಮೇಲೆ ಬಿತ್ತು.

ಈ ಹುಡುಗನ ಸ್ಥಾನ ಏನು? ಇದಕ್ಕೆ ಉತ್ತರ ಹುಡುಕಲು ಪುಣೆಯಿಂದ ನಮ್ಮ ಬಸವಕಲ್ಯಾಣಕ್ಕೆ ಬರಬೇಕು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’ವೇ ದಖ್ಖನದ ಕುಟುಂಬಗಳ ಆಸ್ತಿಯನ್ನು ಶತಮಾನಗಳ ಕಾಲ ಆಳಿದ ಗ್ರಂಥ. ಅದರ ಪ್ರಕಾರ ಪಿತ್ರಾರ್ಜಿತದಲ್ಲಿ ಗಂಡುಮಗನಿಗೆ ಹುಟ್ಟಿನಿಂದಲೇ ಹಕ್ಕು. ಚಿಮಾಜಿ ಸತ್ತನೆಂದು ಚಿಮಾಜಿಯ ಪಾಲು ಸಾಯುವುದಿಲ್ಲ. ಅದು ಮಗನಲ್ಲಿ ನಿಲ್ಲುತ್ತದೆ. ಮನೆ, ಹೊಲ, ಪಾತ್ರೆ, ಬೆಳ್ಳಿಯ ಮಟ್ಟಿಗೆ ಸದಾಶಿವ ತನ್ನ ಅಣ್ಣನಂತೆಯೇ ಪಾಲುದಾರ. ಆದರೆ ಆ ಮನೆತನದ ನಿಜವಾದ ಆಸ್ತಿ ಪೇಶ್ವೆ ಪದವಿ, ಅದು ದೊರೆ ಕೊಡುವ ವಸ್ತ್ರ, ಹಂಚಲು ಬರುವುದಿಲ್ಲ. ಹಂಚಬಹುದಾದ ಮನೆಯೊಳಗೆ ಹಂಚಲಾಗದ ಅಧಿಕಾರ ಕುಳಿತಿತ್ತು. ಶಾಸ್ತ್ರ ಒಂದು ಕಡೆ, ಗದ್ದುಗೆ ಇನ್ನೊಂದು ಕಡೆ. ಪುಣೆಯ ಮುಂದಿನ ಜಗಳಗಳೆಲ್ಲ ಹುಟ್ಟಿದ್ದು ಈ ಬಿರುಕಿನಲ್ಲಿ. ರಕ್ತದಲ್ಲಿ ಹುಡುಕುವವರು ತಪ್ಪು ಜಾಗದಲ್ಲಿ ಹುಡುಕುತ್ತಿದ್ದಾರೆ.

ಸದಾಶಿವರಾವ್ ಮೊದಲ ಬಾರಿಗೆ ಸ್ವತಂತ್ರವಾಗಿ ದಂಡು ನಡೆಸಿದ್ದು ಕನ್ನಡ ನಾಡಿನ ಮೇಲೆ. 1746ರ ಕೊನೆಗೆ, ಹದಿನಾರರ ಹುಡುಗ, ಮಹಾದೋಬಾ ಪುರಂದರೆ ಮತ್ತು ಸಖಾರಾಮಬಾಪುವಿನಂಥ ನುರಿತವರ ಜೊತೆ ದಕ್ಷಿಣಕ್ಕೆ ಬಂದು ಸವಣೂರು ನವಾಬನಿಂದ ಹಲವು ಪರಗಣೆಗಳನ್ನು ಕಿತ್ತುಕೊಂಡ. ಆಳಿಸಿಕೊಂಡ ನಮ್ಮ ಹಳ್ಳಿಗಳಿಗೆ ಅದು ಸುಖದ ನೆನಪಲ್ಲ. ಪುಣೆಯ ಮನೆಯಲ್ಲಿ ಮಾತ್ರ ಅದರಿಂದ ಒಂದು ಪ್ರಶ್ನೆ ಎದ್ದಿತು: ಕೆಲಸ ಬಲ್ಲ ಹುಡುಗನಿಗೆ ಕೆಲಸ ಯಾವುದು? 1749ರ ಡಿಸೆಂಬರ್‌ನಲ್ಲಿ ಶಾಹು ತೀರಿಕೊಂಡ. ಮರುವರ್ಷ ಸಾಂಗೋಲೆಯಲ್ಲಿ ಹೊಸ ಛತ್ರಪತಿ ರಾಮರಾಜನಿಂದ ಅಧಿಕಾರವನ್ನು ಪುಣೆಗೆ ತಿರುಗಿಸಿಕೊಳ್ಳುವ ಒಪ್ಪಂದ ಮಾಡಿಸಿದವನೂ ಭಾವೂ. ಅದಾದ ಮೇಲೆ ರಾಮಚಂದ್ರಬಾಬಾ ಶೆಣವಿಯ ಸಲಹೆಯಂತೆ ಅವನು ತನ್ನ ತಂದೆಗಿದ್ದ ಅಧಿಕಾರವನ್ನೇ ನೇರವಾಗಿ ಕೇಳಿದ. ಆ ಜಾಗದಲ್ಲಿ ಮಹಾದೋಬಾ ಪುರಂದರೆ ಕುಳಿತಿದ್ದ, ಮನೆಗೆ ಹಳೆಯ ನಿಷ್ಠೆಯವನು. ನಾನಾಸಾಹೇಬ ಆಗುವುದಿಲ್ಲ ಎಂದ. ಭಾವೂ ಅಳಲಿಲ್ಲ, ಕಾಯಲಿಲ್ಲ, ಕತ್ತಿಗೂ ಕೈಹಾಕಲಿಲ್ಲ. ಕೊಲ್ಹಾಪುರದ ದೊರೆಯ ಪೇಶ್ವೆಯಾಗಲು ಒಪ್ಪಿಕೊಂಡ. ಬೆಳಗಾವಿಯ ಪಶ್ಚಿಮಕ್ಕೆ ಕಾಡಿನಂಚಿನಲ್ಲಿರುವ ಪಾರಗಡ, ಕಲಾನಿಧಿಗಡ, ಚಂದಗಡ ಈ ಮೂರು ಕೋಟೆಗಳು ಅವನ ಹೆಸರಿಗೆ ಬಂದವು. ಪುಣೆಗೆ ಎದುರಾಗಿ ಕೊಲ್ಹಾಪುರದಲ್ಲಿ ಇನ್ನೊಬ್ಬ ಪೇಶ್ವೆ, ಅವನೂ ಅದೇ ಮನೆಯವನು ಎಂದರೆ ಆಗುವ ಅನಾಹುತ ಎಲ್ಲರಿಗೂ ಕಂಡಿತು. ಪುರಂದರೆ ತಾನಾಗಿ ಸ್ಥಾನ ಬಿಟ್ಟ. ಭಾವೂ ಪುಣೆಗೆ ಮರಳಿ ಕಾರಭಾರ ಹಿಡಿದ.

ಗಾದೆಯ ಪಕ್ಷದವರು ಇದನ್ನೇ ತಮ್ಮ ಸಾಕ್ಷಿ ಎನ್ನುತ್ತಾರೆ. ನೋಡಿ, ಸಾಕಿದ ಅಣ್ಣನಿಗೇ ಇಪ್ಪತ್ತನೆಯ ವಯಸ್ಸಿಗೆ ತಿರುಗಿಬಿದ್ದ, ಬೆದರಿಸಿ ಅಧಿಕಾರ ಕಸಿದುಕೊಂಡ. ಬೆದರಿಸಿದ್ದು ನಿಜ. ಆದರೆ ಚರಿತ್ರೆಯಲ್ಲಿ ಒಂದು ಘಟನೆಯನ್ನು ಅದರ ಸದ್ದಿನಿಂದ ಅಳೆಯಬಾರದು, ಅದು ಮುಂದೆ ಏನು ಮಾಡಿತು ಎನ್ನುವುದರಿಂದ ಅಳೆಯಬೇಕು. ಆ ಜಗಳದ ನಂತರದ ಹತ್ತು ವರ್ಷ ಇಬ್ಬರ ನಡುವೆ ಮತ್ತೊಂದು ಒಡಕು ದಾಖಲಾಗಿಲ್ಲ. ಖಜಾನೆ, ದಫ್ತರ, ಸರದಾರರ ಲೆಕ್ಕ ಭಾವೂವಿನ ಕೈಯಲ್ಲಿ, ನೀತಿ ಮತ್ತು ಮಾತುಕತೆ ನಾನಾಸಾಹೇಬನ ಕೈಯಲ್ಲಿ. ಒಬ್ಬನ ಕೆಲಸಕ್ಕೆ ಇನ್ನೊಬ್ಬ ತಲೆಹಾಕಿದ್ದು ಕಡಿಮೆ. 1760ರ ಫೆಬ್ರವರಿಯಲ್ಲಿ ಉದಗೀರದಲ್ಲಿ ನಿಜಾಮನನ್ನು ಮಣಿಸಿ ದೌಲತಾಬಾದ್, ಬುರ್ಹಾನಪುರಗಳ ಜೊತೆ ನಮ್ಮ ವಿಜಾಪುರವನ್ನೂ ಬರೆಸಿಕೊಂಡವನು ಈ ದಾಯಾದಿ ತಮ್ಮನೇ. ಪುಣೆಯ ರಾಜ್ಯ ಅದಕ್ಕಿಂತ ಅಗಲವಾಗಿ ಎಂದೂ ಹರಡಲಿಲ್ಲ. 1750ರ ಜಗಳ ಆ ನಂಟಿಗೆ ಕೊಟ್ಟ ಪೆಟ್ಟು ಎನ್ನುವುದಕ್ಕಿಂತ ಅದರ ಕರಾರುಪತ್ರ ಎನ್ನುವುದು ಸರಿ. ಬಾಲ್ಯದ ಸಲಿಗೆ ತಾನಾಗಿ ಪ್ರೌಢರ ಒಪ್ಪಂದವಾಗುವುದಿಲ್ಲ; ನಡುವೆ ಒಂದು ನಿಷ್ಠುರದ ಮಾತು ಬೇಕಾಗುತ್ತದೆ. ಆ ಮಾತನ್ನು ಎತ್ತಲು ಭಾವೂವಿಗೆ ಸಾಧ್ಯವಾದದ್ದು ಅವನು ಸ್ವಂತ ತಮ್ಮನಲ್ಲದ್ದರಿಂದ. ಅರ್ಧ ಹೆಜ್ಜೆಯ ಆ ದೂರವೇ ಅವನಿಗೆ ನಾಲಿಗೆ ಕೊಟ್ಟಿತು.

ಇನ್ನೂ ಗಟ್ಟಿಯಾದ ಆಕ್ಷೇಪ ಪಾಣಿಪತ್ತಿನದು. ಉತ್ತರದಿಂದ ಮರಳಿದ ರಘುನಾಥರಾಯನ ದಂಡಯಾತ್ರೆಯ ಲೆಕ್ಕ ತೆಗೆದಾಗ ಸುಮಾರು 80 ಲಕ್ಷ ರೂಪಾಯಿ ಸಾಲ ಕಂಡಿತು. ಭಾವೂ ಅದನ್ನು ಎತ್ತಿ ಆಡಿದ, ಹಾಗಾದರೆ ಮುಂದಿನ ಸಲ ನೀನೇ ಹೋಗು ಎಂಬ ಧಾಟಿಯಲ್ಲಿ ರಘುನಾಥ ಉತ್ತರ ಕೊಟ್ಟ. ಇವರೂ ದಾಯಾದಿಗಳೇ ತಾನೆ? ಹೌದು, ಆದರೆ ಇದು ಖಜಾನೆ ನೋಡುವವನಿಗೂ ಖರ್ಚು ಮಾಡುವವನಿಗೂ ಯಾವ ಕಚೇರಿಯಲ್ಲೂ ನಡೆಯುವ ಜಟಾಪಟಿ. ಇಬ್ಬರೂ ಒಂದೇ ತಾಯಿಯ ಮಕ್ಕಳಾಗಿದ್ದರೂ ನಡೆಯುತ್ತಿತ್ತು. ಎರಡನೆಯ ಮಾತು: ನಾನಾಸಾಹೇಬ ತನ್ನ ಹಿರಿಮಗ ವಿಶ್ವಾಸರಾಯನನ್ನು ಭಾವೂ ಉತ್ತರಕ್ಕೆ ನಡೆಸಿದ ದಂಡಿನ ಹೆಸರಿನ ಯಜಮಾನನನ್ನಾಗಿ ಕಳಿಸಿದ್ದು ಭಾವೂವಿನ ಮೇಲೆ ನಂಬಿಕೆ ಸಾಲದೆ ಎನ್ನುವವರಿದ್ದಾರೆ. ಹಾಗೂ ಇರಬಹುದು. ಪೇಶ್ವೆಯ ಅಧಿಕಾರ ಯಾರದು ಎಂದು ಉತ್ತರದ ಸರದಾರರಿಗೆ ತೋರಿಸಲು ಒಬ್ಬ ವಾರಸುದಾರ ಬೇಕಾಗಿದ್ದ ಎನ್ನುವುದೂ ಅಷ್ಟೇ ಸಹಜ. ಆದರೆ ನಂಬಿಕೆಯಿಲ್ಲದವನ ಕೈಗೆ ಯಾವ ತಂದೆಯೂ ಹದಿಹರೆಯದ ಮಗನನ್ನು ಒಪ್ಪಿಸಿ ಸಾವಿರ ಮೈಲಿ ಕಳಿಸುವುದಿಲ್ಲ. ಮೂರನೆಯದು ನುಂಗಲಾರದ್ದು. ಅಫ್ಘಾನ ದೊರೆ ಅಬ್ದಾಲಿಯ ಮುತ್ತಿಗೆಯಲ್ಲಿ ಭಾವೂವಿನ ಪಾಳೆಯ ಅನ್ನವಿಲ್ಲದೆ ನರಳುತ್ತಿದ್ದಾಗ, 1760ರ ಡಿಸೆಂಬರ್ ಕೊನೆಗೆ ನಾನಾಸಾಹೇಬ ಪೈಠಣದಲ್ಲಿ ಎರಡನೆಯ ಮದುವೆ ಮಾಡಿಕೊಂಡ. ಇದಕ್ಕೆ ಸಮಜಾಯಿಷಿ ಹುಡುಕುವುದು ಬೇಡ. ಆಗಲೇ ಕಾಯಿಲೆಯವನಾಗಿದ್ದ, ಸುದ್ದಿ ಬರುತ್ತಿರಲಿಲ್ಲ, ಕಾಗದಗಳು ದಾರಿಯಲ್ಲಿ ಸಿಕ್ಕಿಬೀಳುತ್ತಿದ್ದವು ಎಲ್ಲ ಸರಿ, ಆದರೂ ತಪ್ಪು ತಪ್ಪೇ. ಭಾವೂವಿನ ನೆರವಿಗೆಂದು ಹೊರಟು ನರ್ಮದೆ ದಾಟಿದಾಗ ಭಿಲಸಾದ ಹತ್ತಿರ ಒಂದು ಸಾಹುಕಾರಿ ಪತ್ರ ಕೈಗೆ ಬಿತ್ತು. ಎರಡು ಮುತ್ತು ಕರಗಿದವೆಂಬ ಸಂಕೇತದಲ್ಲಿ ತಮ್ಮನೂ ಮಗನೂ ಹೋದ ಸುದ್ದಿ ಅದರಲ್ಲಿತ್ತು. 1761ರ ಜನವರಿ 14ರ ಆ ಸೋಲಿನ ನಂತರ ಅವನು ಆರು ತಿಂಗಳೂ ಬದುಕಲಿಲ್ಲ. ಜೂನ್ 23ರಂದು ಪರ್ವತಿ ಬೆಟ್ಟದಲ್ಲಿ ತೀರಿಕೊಂಡ. ಸಾವಿಗೆ ಕಾರಣ ದುಃಖವೊಂದೇ ಎನ್ನಲು ವೈದ್ಯರ ಟಿಪ್ಪಣಿ ಯಾವುದೂ ನಮ್ಮಲ್ಲಿಲ್ಲ, ಕ್ಷಯವಿತ್ತೆಂಬ ಮಾತೂ ಇದೆ.

ಭಾವೂವಿನ ಶವದ ಬಗ್ಗೆ ಅನುಮಾನ ಉಳಿದದ್ದರಿಂದ ಹೆಂಡತಿ ಪಾರ್ವತಿಬಾಯಿ ಕುಂಕುಮ ಅಳಿಸಲಿಲ್ಲ. ಅವಳು 1783ರವರೆಗೆ ಬದುಕಿದ್ದಳು. ಈ ನಡುವೆ ತಾನೇ ಭಾವೂ ಎಂದು ಹೇಳಿಕೊಂಡ ಸುಖಲಾಲ್ ಎಂಬ ಕನೋಜಿ ಬ್ರಾಹ್ಮಣನನ್ನು ಸೆರೆಗೆ ಹಾಕಿದರು. 1776ರಲ್ಲಿ ಅವನು ರತ್ನಾಗಿರಿಯ ಸೆರೆಯಿಂದ ಹೊರಬಂದಾಗ ಕೊಂಕಣದಲ್ಲಿ ಸಾವಿರಾರು ಜನ ಅವನ ಬೆನ್ನಿಗೆ ಬಿದ್ದರು, ಕೊನೆಗೆ ಅವನಿಗೆ ಮರಣದಂಡನೆಯಾಯಿತು. ಪುಣೆಯಲ್ಲಿ ಇಂದು ಕನ್ನಡಿಗರೂ ದಿನಾ ಓಡಾಡುವ ಸದಾಶಿವ ಪೇಠೆಗೆ ಭಾವೂವಿನ ಹೆಸರಿಟ್ಟದ್ದು ನಾನಾಸಾಹೇಬನ ಮಗ ಮಾಧವರಾವ್. ಸೋತ ದಂಡಿನ ನಾಯಕನ ಹೆಸರನ್ನು ಊರಿನ ನಡುಮಧ್ಯಕ್ಕೆ ಇಡುವುದು ರಾಜಕಾರಣದ ಜಾಣತನವೇನೂ ಅಲ್ಲ.

ಪಾಣಿಪತ್ತಿನಲ್ಲಿ ಭಾವೂವಿನ ಜೊತೆಯಲ್ಲಿ ಇನ್ನೊಬ್ಬ ದಾಯಾದಿಯಿದ್ದ. ಮಸ್ತಾನಿಯ ಮಗನಿಗೆ ಉಪನಯನ ಮಾಡಲು ಪುಣೆಯ ಬ್ರಾಹ್ಮಣರು ಒಪ್ಪಲಿಲ್ಲ. ಅವನು ಮುಸಲ್ಮಾನನಾಗಿ, ಶಂಶೇರ್ ಬಹಾದ್ದೂರ್ ಎಂಬ ಹೆಸರಿನಲ್ಲಿ, ಅದೇ ಪೇಶ್ವೆ ಮನೆಯ ಆಸರೆಯಲ್ಲಿ ಬೆಳೆದ. ಪಂಕ್ತಿಯಲ್ಲಿ ಜಾಗವಿಲ್ಲ, ದಂಡಿನಲ್ಲಿ ಇದೆ. ಗದ್ದುಗೆಯ ಆಸೆ ಅವನಿಗೆ ಹುಟ್ಟಿನಿಂದಲೇ ಮುಚ್ಚಿದ ಬಾಗಿಲು, ಹಾಗಾಗಿ ಅವನಿಂದ ಯಾರಿಗೂ ಭಯವಿರಲಿಲ್ಲ. ಇದನ್ನು ಪ್ರೀತಿಯೆಂದು ಬಣ್ಣಿಸುವುದಕ್ಕೆ ಮೊದಲು ಈ ಅನ್ಯಾಯವನ್ನು ಒಪ್ಪಿಕೊಳ್ಳಬೇಕು. ಅವನು ಪಾಣಿಪತ್ತಿನಲ್ಲಿ ಗಾಯಗೊಂಡು ಜಾಟ ದೊರೆ ಸೂರಜಮಲನ ಸೀಮೆಯಲ್ಲಿ ಪ್ರಾಣಬಿಟ್ಟ. ಅವನ ಮಗ ಅಲಿ ಬಹಾದ್ದೂರನನ್ನು ಪುಣೆಯೇ ಬೆಳೆಸಿ ಮುಂದೆ ಉತ್ತರಕ್ಕೆ ಕಳಿಸಿತು; ಬುಂದೇಲಖಂಡದ ಬಾಂದಾದಲ್ಲಿ ಆ ವಂಶ ನವಾಬರಾಗಿ ನೆಲೆಯಾಯಿತು. 1857–58ರಲ್ಲಿ ಬಾಂದಾದ ನವಾಬ, ಅವನ ಹೆಸರೂ ಅಲಿ ಬಹಾದ್ದೂರ್, ಬಿಠೂರಿನ ಪೇಶ್ವೆ ಮನೆಯ ರಾವ್‌ಸಾಹೇಬ ಮತ್ತು ತಾತ್ಯಾ ಟೋಪೆಯರ ಜೊತೆ ಕಾಲ್ಪಿಯಲ್ಲಿ ಬ್ರಿಟಿಷರ ಎದುರು ನಿಂತ. ಬಾಜಿರಾವ್ ಸತ್ತು 118 ವರ್ಷ ಆಗಿತ್ತು. ಜಾತಿ ಬೇರೆ, ಧರ್ಮ ಬೇರೆ, ಊರು ಬೇರೆ. ಹಿತಾಸಕ್ತಿ ಒಂದಾಗಿದ್ದರಿಂದ ಸೇರಿದರು ಎನ್ನಬಹುದು. ಬುಂದೇಲಖಂಡದ ಎಷ್ಟೋ ಸಂಸ್ಥಾನಗಳ ಹಿತ ಬ್ರಿಟಿಷರ ಪಕ್ಷದಲ್ಲಿತ್ತು, ಅವು ಅಲ್ಲೇ ಉಳಿದವು ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ರಘುನಾಥರಾಯನ ಕಥೆ ಇದಕ್ಕೆ ತದ್ವಿರುದ್ಧ. ಅವನು ನಾನಾಸಾಹೇಬನ ಒಡಹುಟ್ಟಿದ ತಮ್ಮ. ತಮ್ಮನಾದ್ದರಿಂದಲೇ ಅವನ ಪಾಲಿನ ಮಾತು ಯಾರಿಗೂ ಹೊಳೆಯಲಿಲ್ಲ: ಮನೆ ಅವನದೇ, ಇನ್ನೇನು ಬೇಕು? ದಂಡು ಕೊಟ್ಟರು, ಕೆಲಸ ಕೊಟ್ಟರು, ಸ್ಥಾನವನ್ನು ಹೆಸರಿಟ್ಟು ಕೊಡಲಿಲ್ಲ. ಅಣ್ಣ ಸತ್ತಾಗ ಗದ್ದುಗೆ ಹದಿನಾರು ವರ್ಷದ ಮಾಧವರಾಯನಿಗೆ ಹೋಯಿತು. ಇಪ್ಪತ್ತೇಳರ ಚಿಕ್ಕಪ್ಪ, ಅಟಕಿನವರೆಗೆ ಹೆಸರು ಮಾಡಿದವನು, ಹುಡುಗನ ಮೇಲ್ವಿಚಾರಕನಾಗಿ ಉಳಿದ. 1762ರಲ್ಲಿ ಆಳೇಗಾವಿನ ಬಳಿ ಕಾಳಗ, 1768ರಲ್ಲಿ ಧೋಡಪದ ಕಾಳಗ ಮತ್ತು ಸೆರೆ, 1773ರಲ್ಲಿ ಕೊಲೆ. ಮಾಧವರಾವ್ ಅವನಿಗೆ ಅಧಿಕಾರ ಕೊಟ್ಟು ನೋಡಲಿಲ್ಲವೇ ಎಂದು ಕೇಳಬಹುದು. ಆಳೇಗಾವಿನ ನಂತರ ಕೊಟ್ಟ. ಆದರೆ ಸೋತು ಕೊಟ್ಟ ಅಧಿಕಾರಕ್ಕೂ ಮಾತಾಡಿ ಕೊಟ್ಟ ಅಧಿಕಾರಕ್ಕೂ ಬಹಳ ಅಂತರವಿದೆ. ಮುಂದೆ ರಘುನಾಥ ರಾಜ್ಯದ ಅರ್ಧವನ್ನೇ ಕೇಳಿದಾಗ ಕೊಡುವ ಹಾಗಿರಲಿಲ್ಲ. ಈ ಒಡಕಿಗೆ ನಾನಾಸಾಹೇಬ, ರಘುನಾಥರ ಹೆಂಡಿರಾದ ಗೋಪಿಕಾಬಾಯಿ, ಆನಂದಿಬಾಯಿಯರನ್ನು ಹೊಣೆಮಾಡುವ ಜನಪ್ರಿಯ ಕಥೆಗಳು ಬೇಕಾದಷ್ಟಿವೆ. ಹೊರಗಿನಿಂದ ಬಂದ ಸೊಸೆಯರು ಅಣ್ಣತಮ್ಮಂದಿರನ್ನು ಒಡೆದರು ಎಂಬ ಈ ಹಳೆಯ ರಾಗಕ್ಕೆ ಆಧಾರ ಕಡಿಮೆ, ಅನುಕೂಲ ಹೆಚ್ಚು. ಗಂಡಸರು ಮಾಡದ ಲೆಕ್ಕಕ್ಕೆ ಹೆಂಗಸರು ದಂಡ ತೆತ್ತರು.

ಇನ್ನೊಂದು ಪ್ರಸಂಗ ನನ್ನ ವಾದಕ್ಕೆ ಪೂರ್ತಿ ಒದಗುವುದಿಲ್ಲ, ಆದರೆ ಬಿಟ್ಟುಬಿಡಲು ಮನಸ್ಸಾಗದು. ಕೊಲೆಯಾದ ನಾರಾಯಣರಾಯನ ಮಗ ಸವಾಯಿ ಮಾಧವರಾವ್ ಹುಟ್ಟಿದ್ದು 1774ರ ಏಪ್ರಿಲ್‌ನಲ್ಲಿ, ಕೊಲೆಯ ಆರೋಪ ಹೊತ್ತ ರಘುನಾಥನ ಮಗ ಬಾಜಿರಾವ್ ಹುಟ್ಟಿದ್ದು 1775ರ ಜನವರಿಯಲ್ಲಿ. ನಂಟಿನಲ್ಲಿ ಬಾಜಿರಾವ್ ಚಿಕ್ಕಪ್ಪನಾಗಬೇಕು, ವಯಸ್ಸಿನಲ್ಲಿ ಒಂಬತ್ತು ತಿಂಗಳು ಕಿರಿಯ. ಒಬ್ಬ ಕಾರಭಾರಿ ನಾನಾ ಫಡ್ನವೀಸನ ಕಣ್ಗಾವಲಿನಲ್ಲಿ ಶನಿವಾರವಾಡೆಯ ಪೇಶ್ವೆ, ಇನ್ನೊಬ್ಬ ಅದೇ ನಾನಾನ ಅಪ್ಪಣೆಯಲ್ಲಿ ಜುನ್ನರಿನ ಶಿವನೇರಿಯಲ್ಲಿ ಬಂದಿ. ಹಗೆಯೇ ನಿಯಮವಾಗಿದ್ದರೆ ಈ ಇಬ್ಬರ ನಡುವೆ ಅದು ಎಲ್ಲಕ್ಕಿಂತ ಗಾಢವಾಗಿರಬೇಕಿತ್ತು, ತಂದೆಯ ರಕ್ತವೇ ನಡುವೆ ಇತ್ತು. ಆದದ್ದು ಬೇರೆ. ಕಾವಲಿಗಿದ್ದ ಬಳವಂತರಾವ್ ನಾಗನಾಥನ ಕೈಯಲ್ಲಿ ಗುಟ್ಟಾಗಿ ಪತ್ರಗಳು ಓಡಾಡಿದವು, ಇಬ್ಬರೂ ಸೆರೆಯಾಳುಗಳೇ ಎಂಬ ಭಾವ ಅವುಗಳಲ್ಲಿತ್ತು. ನಾನಾನಿಗೆ ಗೊತ್ತಾಯಿತು, ಬಳವಂತರಾವ್ ಕೋಟೆಯ ಪಾಲಾದ, ಪೇಶ್ವೆಗೆ ಛೀಮಾರಿ ಬಿತ್ತು. 1795ರ ಅಕ್ಟೋಬರ್ 25ರಂದು ಸವಾಯಿ ಮಾಧವರಾವ್ ವಾಡೆಯ ಮಹಡಿಯಿಂದ ಕೆಳಗೆ ಬಿದ್ದ, ಎರಡು ದಿನಕ್ಕೆ ತೀರಿಕೊಂಡ. ತನ್ನ ನಂತರ ಬಾಜಿರಾವ್ ಬರಲಿ ಎಂದನೆಂದು ಚರಿತ್ರೆಕಾರ ಗ್ರಾಂಟ್ ಡಫ್ ಬರೆಯುತ್ತಾನೆ. ಬಾಜಿರಾವ್ ಆ ಪತ್ರಗಳನ್ನು ಬರೆದದ್ದು ಬರೀ ತಂತ್ರ ಎನ್ನುವವರ ಮಾತನ್ನು ನಾನು ಅಲ್ಲಗಳೆಯಲಾರೆ. ಮುಂದಿನ ಅವನ ನಡತೆ ನೋಡಿದರೆ ಅದೇ ನಿಜವೆನಿಸುತ್ತದೆ. ಆದರೆ ಆ ಕಡೆಯಿಂದ ಉತ್ತರ ಬರೆದ ಹುಡುಗನಿಗೆ ತಂತ್ರ ಬೇಕಿರಲಿಲ್ಲ. ಅವನಿಗೆ ಆ ವಾಡೆಯಲ್ಲಿ ಓರಗೆಯ ನೆಂಟನೊಬ್ಬನೂ ಇರಲಿಲ್ಲ.

ಅರಮನೆಯ ಮಾತು ಅರಮನೆಗೆ, ಸಾಮಾನ್ಯ ಮನೆಗಳಲ್ಲಿ ಹಾಗಿತ್ತೇ ಎನ್ನುವುದು ನ್ಯಾಯವಾದ ಪ್ರಶ್ನೆ. 1827ರಲ್ಲಿ ಆರ್ಥರ್ ಸ್ಟೀಲ್ ದಖ್ಖನದ ಜಾತಿಗಳ ಕಟ್ಟುಕಟ್ಟಳೆಗಳನ್ನು ಸಂಗ್ರಹಿಸಿದಾಗ ಪಾಲು, ದತ್ತು, ಸಾಲಗಳೇ ಪುಟ ತುಂಬಿದವು. ಜಗಳವಾದದ್ದು ಕಾಗದಕ್ಕೆ ಬರುತ್ತದೆ, ಜೊತೆಗಿದ್ದದ್ದು ಬರುವುದಿಲ್ಲ. ದಾಯಾದಿತನಕ್ಕೆ ಕೆಟ್ಟ ಹೆಸರು ಬರಲು ಕೋರ್ಟು ದಾಖಲೆಗಳ ಈ ಸ್ವಭಾವವೂ ಒಂದು ಕಾರಣ. ಜೊತೆಗಿದ್ದದ್ದರ ಗುರುತು ಬೇರೆ ಕಡೆ ಸಿಗುತ್ತದೆ. 1917ರಲ್ಲಿ ಧಾರವಾಡಕ್ಕೆ ಕರ್ನಾಟಕ ಕಾಲೇಜು ಬರುವವರೆಗೆ ಮುಂಬಯಿ ಕರ್ನಾಟಕದ ಹುಡುಗರಿಗೆ ಡಿಗ್ರಿ ಎಂದರೆ ಬಹುಮಟ್ಟಿಗೆ ಪುಣೆ: ಜಮಖಂಡಿಯ ರಾ. ದ. ರಾನಡೆ ಡೆಕ್ಕನ್ ಕಾಲೇಜಿನಲ್ಲಿ ಓದಿದರು, ಬೇಂದ್ರೆಯವರು ಕಾಕಾನ ನೆರವಿನಿಂದ ಫರ್ಗ್ಯುಸನ್ ಕಾಲೇಜಿನಲ್ಲಿ. ಒಬ್ಬ ಹುಡುಗನ ಓದಿಗೆ ಇಡೀ ಮನೆ ಹಣ ಹಾಕುತ್ತಿತ್ತು, ಅಂದರೆ ಊರಲ್ಲಿ ಹೊಲ ನೋಡಿಕೊಂಡವನ ಪಾಲೂ ಅದರಲ್ಲಿತ್ತು. ಹಾಗಾದರೆ ಓದಿದವನ ಸಂಬಳ ಯಾರದು? ಕುಟುಂಬದ ಹಣದಿಂದ ವಿಶೇಷ ವಿದ್ಯೆ ಪಡೆದವನ ಗಳಿಕೆ ಕುಟುಂಬದ್ದೇ ಎಂದು 1921ರಲ್ಲಿ ಪ್ರಿವಿ ಕೌನ್ಸಿಲ್ ಒಬ್ಬ ಐ.ಸಿ.ಎಸ್. ಅಧಿಕಾರಿಯ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಎಂ. ಆರ್. ಜಯಕರ್ ಅವರ ಪ್ರಯತ್ನದಿಂದ 1930ರಲ್ಲಿ ಬಂದ ಕಾನೂನು ಅದನ್ನು ತಿರುಗಿಸಿ, ವಿದ್ಯೆಯ ಗಳಿಕೆ ಗಳಿಸಿದವನದೇ ಎಂದಿತು. ಗುಮಾಸ್ತನಿಗೂ ವಕೀಲನಿಗೂ ಇದರಿಂದ ನೆಮ್ಮದಿ ಬಂತು. ಹೊಲದಲ್ಲಿ ಉಳಿದ ದಾಯಾದಿಗೆ ಏನು ಸಿಗಬೇಕು ಎಂಬ ಮಾತು ಮಾತ್ರ ಹಾಗೇ ಉಳಿಯಿತು, 1750ರಲ್ಲಿ ಭಾವೂ ಎತ್ತಿದ ಪ್ರಶ್ನೆಯೇ ಅದು.

ಸೋದರತ್ತೆಯ ಮಕ್ಕಳ ಮಾತು ಬೇರೆ. 1953ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಬಂದ ಇರಾವತಿ ಕರ್ವೆಯವರ ಬಂಧುತ್ವದ ಅಧ್ಯಯನ ಮಹಾರಾಷ್ಟ್ರವನ್ನು ಉತ್ತರ, ದಕ್ಷಿಣಗಳ ನಡುವಿನ ಹೊಸ್ತಿಲೆಂದು ಗುರುತಿಸುತ್ತದೆ. ನಮ್ಮಲ್ಲಿ ಸೋದರಮಾವನ ಮಗಳು, ಸೋದರತ್ತೆಯ ಮಗ ಎಂದರೆ ಮದುವೆಯ ನಂಟು. ದೇಶಸ್ಥ ಋಗ್ವೇದಿಗಳಲ್ಲೂ ಮಾವನ ಮಗಳನ್ನು ತರುವುದುಂಟು. ಪೇಶ್ವೆಗಳ ಕೊಂಕಣಸ್ಥ ಜಾತಿಯಲ್ಲಿ ಅದು ನಿಷಿದ್ಧ, ಅತ್ತೆಯ ಮಗನೂ ಅಣ್ಣನೇ. ಬಾಜಿರಾಯನ ಇನ್ನೊಬ್ಬ ತಂಗಿ ಅನುಬಾಯಿಯನ್ನು ಇಚಲಕರಂಜಿಯ ಘೋರ್ಪಡೆ ಮನೆಗೆ ಕೊಟ್ಟಿದ್ದರು. ಆ ನಂಟು ಮದುವೆಯಿಂದ ಮದುವೆಗೆ ಮುಂದುವರಿಯುವಂತಿರಲಿಲ್ಲ, ದಂಡಿನಲ್ಲಿ ಮತ್ತು ಜಹಗೀರಿಯಲ್ಲಿ ಮುಂದುವರಿಯಿತು. ಮತ್ತು ಅದರ ನೆರಳಿನಲ್ಲೇ ಇನ್ನೊಂದು ಮನೆತನ ಬೆಳೆಯಿತು.

ಇಚಲಕರಂಜಿಯ ಪುರೋಹಿತ ಹರಿಭಟ್ಟ ಪಟವರ್ಧನನ ಮಕ್ಕಳು ಗೋವಿಂದ, ರಾಮಚಂದ್ರ, ತ್ರ್ಯಂಬಕ. ಇವರ ಮಕ್ಕಳು ಒಟ್ಟಾಗಿ ಬೆಳೆದು ಒಟ್ಟಾಗಿ ಕಾದಿದ ರೀತಿ ವಾಸುದೇವ ವಾಮನ ಖರೆಯವರು ಮೀರಜದಲ್ಲಿ ಕುಳಿತು ಪ್ರಕಟಿಸಿದ ಪಟವರ್ಧನ ದಫ್ತರದ ಪತ್ರಗಳಲ್ಲಿ ಹರಡಿಕೊಂಡಿದೆ. 1764ರಲ್ಲಿ ಮಾಧವರಾವ್ ಜಹಗೀರಿ ಕೊಟ್ಟಾಗ ಮೂರೂ ಶಾಖೆಗಳ ಹೆಸರು ಬರೆದುಕೊಟ್ಟ. ಯಾರ ಪಾಲು ಯಾವುದು ಎಂಬ ಗೊಂದಲ ಮೊದಲ ದಿನದಿಂದಲೇ ಇರಲಿಲ್ಲ. 1777ರ ಜನವರಿಯಲ್ಲಿ ಕುಂದಗೋಳದ ಹತ್ತಿರದ ಸಂಶಿಯಲ್ಲಿ ಹೈದರಾಲಿಯ ಸೇನಾನಿ ಮಹಮ್ಮದ್ ಅಲಿಯ ಎದುರು ತ್ರ್ಯಂಬಕನ ಮಗ ಕೋನ್ಹೇರರಾವ್ ಸತ್ತ, ಗೋವಿಂದನ ಮಗ ಪಾಂಡುರಂಗರಾವ್ ಸೆರೆಸಿಕ್ಕ. ಅವನನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು, ಅಲ್ಲೇ ಸೆರೆಯಲ್ಲಿ ಅದೇ ವರ್ಷ ತೀರಿಕೊಂಡ. ದಂಡಿನ ಭಾರ ಹೊತ್ತವನು ರಾಮಚಂದ್ರನ ಮಗ ಪರಶುರಾಮಭಾವೂ. 1791ರಲ್ಲಿ ಧಾರವಾಡದ ಕೋಟೆ ಹಿಡಿದವನು, ಅದೇ ವರ್ಷ ಶೃಂಗೇರಿ ಸೂರೆಯ ಕಳಂಕ ಹೊತ್ತ ದಂಡಿನ ನಾಯಕನೂ ಅವನೇ. 1799ರಲ್ಲಿ ಚಿಕ್ಕೋಡಿ ಬಳಿಯ ಪಟ್ಟಣಕುಡಿಯಲ್ಲಿ ಕೊಲ್ಹಾಪುರದವರ ವಿರುದ್ಧ ಕಾದುತ್ತ ಬಿದ್ದ. ಆಮೇಲೆ ಮನೆ ಒಡೆಯಿತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಯಾರು ಯಾರಿಂದ ಬೇರೆಯಾದರು? ಪಾಂಡುರಂಗನ ಮಗ ಚಿಂತಾಮಣರಾವ್ ಮೀರಜದ ಗಂಗಾಧರರಾಯನಿಂದ, ಅಂದರೆ ತನ್ನ ಸ್ವಂತ ಚಿಕ್ಕಪ್ಪನಿಂದ ಬೇರೆಯಾಗಿ ಸಾಂಗಲಿಯಲ್ಲಿ ಕೂತ. ಜಮಖಂಡಿ ಮತ್ತು ತಾಸಗಾವು ಎರಡಾದದ್ದು 1811ರಲ್ಲಿ ಪರಶುರಾಮಭಾವೂವಿನ ಮಕ್ಕಳ ನಡುವೆ. ಬೇರೆಯಾದ ಮೇಲೂ, ಜಹಗೀರಿಗಳ ಮೇಲೆ ಕಣ್ಣಿಟ್ಟ ಎರಡನೆಯ ಬಾಜಿರಾಯನ ಎದುರು 1812ರ ಪಂಢರಪುರದ ಒಡಂಬಡಿಕೆಯಲ್ಲಿ ಇವರೆಲ್ಲ ಒಂದೇ ಪಕ್ಷವಾಗಿದ್ದರು.

ಆ ಪಾಲಿನ ಗೆರೆಗಳು ಕನ್ನಡ ನಾಡಿನ ನಕಾಶೆಯ ಮೇಲೆ ಬಹಳ ಕಾಲ ಉಳಿದವು. ಲಕ್ಷ್ಮೇಶ್ವರ ಮೀರಜಕ್ಕೆ, ಶಿರಹಟ್ಟಿ, ತೇರದಾಳ ಸಾಂಗಲಿಗೆ, ಕುಂದಗೋಳ ಜಮಖಂಡಿಗೆ: ಧಾರವಾಡದಿಂದ ಗದಗಿನ ಕಡೆ ಗಾಡಿ ಕಟ್ಟಿಕೊಂಡು ಹೊರಟವನು ದಾರಿಯಲ್ಲಿ ಬ್ರಿಟಿಷರ ಸೀಮೆಯಿಂದ ಒಬ್ಬ ಪಟವರ್ಧನನ ಸೀಮೆಗೆ, ಅಲ್ಲಿಂದ ಅವನ ದಾಯಾದಿಯ ಸೀಮೆಗೆ ಹೋಗಿಬರುತ್ತಿದ್ದ. 1948ರಲ್ಲಿ ಈ ಸಂಸ್ಥಾನಗಳೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದವು. 1956ರ ನವೆಂಬರ್‌ನಲ್ಲಿ ಜಮಖಂಡಿ, ಕುಂದಗೋಳ, ಲಕ್ಷ್ಮೇಶ್ವರ, ಶಿರಹಟ್ಟಿಗಳು ಮೈಸೂರು ರಾಜ್ಯಕ್ಕೆ ಬಂದವು. ಮೀರಜ, ಸಾಂಗಲಿ, ತಾಸಗಾವು, ಕುರುಂದವಾಡಗಳು ಆಚೆ ಉಳಿದವು. ಈ ಪಾಲನ್ನು ಮಾಡಿದವರು ಹರಿಭಟ್ಟನ ವಂಶದವರಲ್ಲ.